ಪದಕದ ಅಂಚಿನಲ್ಲಿದ್ದ ಹೆಸರು

ಕಳ್ಳ ಪದಕವನ್ನು ಉಜ್ಜಿ, ಬೆಳಗಿ, ಹೊಸ ರಿಬ್ಬನ್ ಕಟ್ಟಿ ವಾಪಸ್ ಕಳಿಸಿದ್ದ!

ಮದ್ರಾಸಿನ ಪೋರೂರಿನ ಆ ಮನೆಯ ಗೇಟಿಗೆ ಹಾಲಿನವನಿಗೆಂದು ತೂಗುಹಾಕಿದ್ದ ಚೀಲದಲ್ಲಿ, ಹಾಲಿನ ಪ್ಯಾಕೆಟ್ಟುಗಳ ನಡುವೆ ಅದು ಸಿಕ್ಕಿತ್ತು. ಕೆಂಪು ಮಖಮಲ್ಲಿನ ಪುಟ್ಟ ಸಂಚಿ; ಸಂಚಿಯೊಳಗೆ ಮೂರು ಸಿಂಹಗಳ ಮುಖವಿದ್ದ ದುಂಡನೆಯ ಪದಕ.

"ಅಂಬುಜಾ ಆಂಟಿ, ಕೇಸ್ ಕ್ಲೋಸ್!" ಎಂದು ಕೂಗುತ್ತಾ ಮಧುಸೂದನ್ ಬನಿಯನ್ನಿನಲ್ಲೇ ಬೀದಿಗೆ ಬಂದಿದ್ದ. ರೈಲ್ವೆಯಲ್ಲಿ ಕೆಲಸ ಮಾಡುವ ಐವತ್ತು ದಾಟಿದ ಗಂಡಸು, ಲಾಟರಿ ಹೊಡೆದವನ ಹಾಗೆ ಕುಣಿಯುತ್ತಿದ್ದ. ಒಳಗಿನಿಂದ ಕೇಸರಿಬಾತಿನ ತುಪ್ಪದ ವಾಸನೆ ಆಗಲೇ ಹೊರಟಿತ್ತು.

ಕಳೆದ ಭಾನುವಾರ ಗಿಂಡಿಯ ಕನ್ನಡ ಕೂಟದಲ್ಲಿ 'ನಮ್ಮ ಮನೆಯ ಯೋಧರು' ಪ್ರದರ್ಶನ ನಡೆದಿತ್ತು. ಎಲ್ಲರೂ ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ಮೇಜಿನ ಮೇಲಿಂದ ಮಾಯವಾಗಿದ್ದ ಪದಕ ಇದು. ಮಧುಸೂದನನ ತಂದೆ ವಿಶ್ವನಾಥ ಎಪ್ಪತ್ತೊಂದರ ಯುದ್ಧದಲ್ಲಿ ಸೈನ್ಯದ ಲಾರಿ ಓಡಿಸಿದ್ದಕ್ಕೆ ಬಂದ ಸಂಗ್ರಾಮ ಪದಕ. ನಾಳೆ ವಿಜಯ ದಿವಸ. ಕೂಟದ ವೇದಿಕೆಯ ಮೇಲೆ ವಿಶ್ವನಾಥರ ಹೆಂಡತಿ ಲೀಲಮ್ಮ ಅದನ್ನು ಸೀರೆಯ ಬಲಗಡೆಗೆ ಚುಚ್ಚಿಕೊಂಡು ಗೌರವ ಸ್ವೀಕರಿಸಬೇಕು.

ಎದುರು ಮನೆಯ ಅಂಬುಜಾ ಸಂತೋಷಪಡಲಿಲ್ಲ. ಅದು ಅವರ ದೋಷವಲ್ಲ, ಅವರ ಕೆಲಸದ ದೋಷ. ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡಿ ನಿವೃತ್ತರಾದ ಹೆಂಗಸು. ಸುಟ್ಟುಹೋಯಿತೆಂದು ಹೇಳಿದ ಗೋದಾಮಿನ ಸರಕನ್ನು ಪಕ್ಕದೂರಿನ ಅಂಗಡಿಯಲ್ಲಿ ಕೊಂಡು ತಂದವರು. ಕಳೆದುಹೋದದ್ದು ಇಷ್ಟು ಚೆಂದವಾಗಿ ವಾಪಸ್ ಬಂದರೆ ಅವರಿಗೆ ಮೊದಲು ಬರುವುದು ಅನುಮಾನ.

"ಲೀಲಮ್ಮ ನೋಡಿದರಾ?" ಎಂದು ಕೇಳಿದರು.

"ಅಮ್ಮ ಪೂಜೇಲಿದಾರೆ. ಬರ್ಲಿ, ಸರ್‌ಪ್ರೈಸ್ ಕೊಡೋಣ!"

ಇಬ್ಬರೂ ಒಳಗೆ ಹೋಗಿ ಕೂತ ಮೇಲೆ ಲೀಲಮ್ಮ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ, ಹಣೆಯ ಮೇಲೆ ಹಸಿ ವಿಭೂತಿ. ಮಗ ಅಂಗೈಯಲ್ಲಿಟ್ಟ ಪದಕವನ್ನು ಅವರು ನೋಡಲೇ ಇಲ್ಲ. ಕಣ್ಣು ಮುಚ್ಚಿ ಅದರ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು.

"ಇದು ನಂದಲ್ಲ" ಅಂದರು.

ಕೇಸರಿಬಾತಿನ ತಟ್ಟೆ ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತಳು.

"ಏನಮ್ಮಾ ಹೀಗಂತೀಯಾ? ಅಂಚಲ್ಲಿ ಅಪ್ಪನ ಹೆಸರೇ ಇದೆ ನೋಡು."

ಲೀಲಮ್ಮನ ಕಣ್ಣು ಫಕ್ಕನೆ ತೆರೆದುಕೊಂಡವು. "ಯಾರ ಹೆಸರಿದೆ ಅಂದೆ?"

"ಅಪ್ಪಂದು. ವಿಶ್ವನಾಥ ಅಂತ."

"ಸರಿಯಾಗಿ ನೋಡಿದ್ಯಾ? ಅವರದೇನಾ?"

ಎರಡೆರಡು ಸಲ ಯಾಕೆ ಕೇಳುತ್ತಿದ್ದಾರೆ? ಅಂಬುಜಾ ಅದನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡರು.

"ನನ್ನ ಪದಕ ನಗ್ಗಿತ್ತು ಕಣೋ" ಎಂದು ಲೀಲಮ್ಮ ಮಗನ ಕಡೆ ತಿರುಗಿದರು. "ನೀನು ಚಿಕ್ಕೋನಿದ್ದಾಗ ಅದನ್ನ ನಮ್ಮತ್ತೆಯ ಎಲೆಯಡಿಕೆ ಕುಟ್ಟಾಣಿಗೆ ಹಾಕಿ ಕುಟ್ಟಿದ್ದೆ. ಅವತ್ತಿಂದ ಅದನ್ನ ಟ್ರಂಕಲ್ಲಿ ಹಾಕಿ ಬೀಗ ಜಡಿದೆ, ಯಾರ ಕೈಗೂ ಕೊಡಲಿಲ್ಲ. ಆ ನಗ್ಗು ಎಲ್ಲಿ? ಮತ್ತೆ ನಂಬರೆಲ್ಲಿ? ಸೈನ್ಯದೋರು ಅವರ ತಟ್ಟೆ ಮೇಲೆ ನಂಬರ್ ಹಾಕಿದ್ರು, ಮಗ್ಗಿನ ಮೇಲೆ ಹಾಕಿದ್ರು, ಕಂಬಳಿ ಮೇಲೂ ಹಾಕಿದ್ರು. ಪದಕಕ್ಕೆ ಮಾತ್ರ ಮರೆತುಬಿಟ್ರಾ?"

ಅಂಬುಜಾ ಭೂತಗನ್ನಡಿ ತೆಗೆದರು. ಲೀಲಮ್ಮ ಹೇಳಿದ್ದು ಖರೆ. ಅಂಚಿನಲ್ಲಿ ನಂಬರ್ ಇರಲಿಲ್ಲ; ಇಂಗ್ಲಿಷ್ ಅಕ್ಷರಗಳಲ್ಲಿ ಬರೀ 'ವಿಶ್ವನಾಥ' ಎಂದಿತ್ತು. ಅವರು ತಲೆಯೆತ್ತಿ ಗೋಡೆ ನೋಡಿದರು. ಚೌಕಟ್ಟಿನಲ್ಲಿ ಮೀಸೆ ತಿರುವಿ ನಿಂತ ಯೋಧನ ಎದೆಯ ಪಟ್ಟಿಯ ಮೇಲೆ 'ವಿಶ್ವನಾಥನ್'. ಬಾಗಿಲ ಪಕ್ಕದ ಬೋರ್ಡಿನಲ್ಲೂ 'ವಿಶ್ವನಾಥನ್'.

"ಲೀಲಮ್ಮಾ, ಈ ಕೊನೇ 'ನ್' ಎಲ್ಲಿಂದ ಬಂತು?"

"ಮದ್ರಾಸಲ್ಲಿ ಸೈನ್ಯಕ್ಕೆ ಸೇರ್ಕೊಂಡ್ರಲ್ಲ, ಅಲ್ಲಿಯ ಗುಮಾಸ್ತ ಹಾಗೇ ಬರ್ಕೊಂಡ. ಆಮೇಲೆ ರೇಷನ್ ಕಾರ್ಡಿಗೂ ಅದೇ, ಪಿಂಚಣಿಗೂ ಅದೇ. ನಾನೊಬ್ಳೇ ವಿಶ್ವನಾಥ ಅಂತಿದ್ದೆ, ಅದೂ ಕೋಪ ಬಂದಾಗ."

ಅಂದರೆ ಇದು ಸೈನ್ಯ ಕೊಟ್ಟ ಪದಕವಲ್ಲ. ಯಾರೋ ಮಾಡಿಸಿದ್ದಾರೆ. ಮಾಡಿಸಿದವನಿಗೆ ಈ ಮನೆಯ ಹಿರಿಯನ ಹೆಸರು ಗೊತ್ತು; ಅದೂ ಕನ್ನಡದ ಹೆಸರು.

ಅಂಬುಜಾ ಮಖಮಲ್ಲಿನ ಸಂಚಿಯನ್ನು ಮೂಸಿದರು, ಹಿಂಡಿದರು, ಆಮೇಲೆ ಕಾಲುಚೀಲ ತಿರುಗಿಸುವ ಹಾಗೆ ಒಳಮೈ ಹೊರಗೆ ಮಾಡಿದರು. ಬಂಗಾರದ ಬಣ್ಣದ ತಮಿಳು ಅಕ್ಷರಗಳು ಹೊಳೆದವು. ಕಳ್ಳನಿಗೆ ಅಂಗಡಿಯ ಹೆಸರನ್ನು ಮುಚ್ಚಿಡುವಷ್ಟು ಬುದ್ಧಿಯಿತ್ತು, ಬೇರೆ ಸಂಚಿ ಕೊಳ್ಳುವಷ್ಟು ಇರಲಿಲ್ಲ.

"ಸುರೇಶ್ ಷೀಲ್ಡ್ಸ್, ರಾಯಪುರಂ" ಎಂದು ಓದಿದವಳು ಮಧುಸೂದನನ ಮಗಳು ಪ್ರೇರಣಾ. ಅಷ್ಟು ಹೊತ್ತು ಮೊಬೈಲಿನಲ್ಲಿ ಮುಳುಗಿದ್ದವಳ ಕಣ್ಣು ಮಿಂಚುತ್ತಿದ್ದವು. ಕೈಯಲ್ಲಿ ಆಗಲೇ ಎರಡು ಹೆಲ್ಮೆಟ್. "ಆಂಟಿ, ಪೋಲಾಮಾ?"

* * *

ರಾಯಪುರಂ ತಲುಪುವಷ್ಟರಲ್ಲಿ ಅಂಬುಜಾರ ಸೊಂಟ ಸ್ಕೂಟರಿನ ಮೇಲೆ ನೂರು ದೂರು ಹೇಳಿತ್ತು. ಬಂದರಿನ ಕಡೆಗೆ ಕಂಟೇನರ್ ಲಾರಿಗಳು ಸಾಲುಗಟ್ಟಿದ್ದವು. ಗಾಳಿಯಲ್ಲಿ ಉಪ್ಪು, ಡೀಸೆಲ್, ಮೀನು.

"ತಾತ ಆರ್ಮಿ ಬಿಟ್ಮೇಲೆ ಇಲ್ಲೇ ಲಾರಿ ಓಟ್ತಾ ಇದ್ರಂತೆ" ಎಂದಳು ಪ್ರೇರಣಾ. ಅವಳ ಕನ್ನಡ ಅರ್ಧ ದಾರಿಯಲ್ಲಿ ತಮಿಳಿನ ಹೆಗಲ ಮೇಲೆ ಕೈ ಹಾಕುತ್ತಿತ್ತು. "ಸ್ಕೂಲಲ್ಲಿ 'ಮೈ ಹೀರೋ' ಅಂತ ಎಸ್ಸೇ ಬಂದ್ರೆ ಎಲ್ಲಾರೂ ಕ್ರಿಕೆಟರ್ ಬಗ್ಗೆ ಬರೀತಾರೆ. ನಾನ್ ಮಟ್ಟುಂ, ನಾನೊಬ್ಳೇ, ತಾತನ್ನೇ ಬರೀತಿದ್ದೆ. ಒಂದ್ಸಲಾನೂ ನೋಡಿಲ್ಲ ಅವರನ್ನ, ತೆರಿಯುಮಾ?"

ಅಂಗಡಿಯ ತುಂಬ ಕಬಡ್ಡಿ ಕಪ್ಪು, ಕೇರಂ ಷೀಲ್ಡು, ಶಾಲೆಯ ಓಟದ ಪಂದ್ಯದ ಪದಕಗಳ ಗೊಂಚಲು. ಅವುಗಳ ನಡುವೆ ಮಾಲೀಕ ಸುರೇಶ ದುಂಡಗೆ ಕೂತು ಇಡ್ಲಿ ತಿನ್ನುತ್ತಿದ್ದ.

ಯಾರು ಮಾಡಿಸಿದ್ದೆಂದು ನೇರವಾಗಿ ಕೇಳಿದರೆ ಯಾವ ಅಂಗಡಿಯವನೂ ಹೇಳುವುದಿಲ್ಲ. ಅಂಬುಜಾ ಪದಕವನ್ನು ಮೇಜಿನ ಮೇಲೆ ಟಣ್ಣೆಂದು ಹಾಕಿ, ಅಚ್ಚ ತಮಿಳಿನಲ್ಲಿ ಜಗಳ ತೆಗೆದರು. "ಏನಪ್ಪಾ ಇದು? ಹೆಸರೇ ತಪ್ಪು! ವಿಶ್ವನಾಥನ್ ಅಂತ ಹಾಕೋದು ಬಿಟ್ಟು ವಿಶ್ವನಾಥ ಅಂತ ಹಾಕಿದ್ದೀಯಲ್ಲ, ನಾಳೆ ಫಂಕ್ಷನ್, ನಾವು ಏನು ಮಾಡೋಣ?"

ಸುರೇಶನ ಕೈಯಿಂದ ಇಡ್ಲಿ ಜಾರಿತು.

"ಅಯ್ಯೋ ಮೇಡಂ, ನಾನ್ ಅಪ್ಪವೇ ಸೊನ್ನೇನ್, ಆಗಲೇ ಹೇಳಿದ್ದೆ! ಕೊನೇಲಿ ಒಂದು ಅಕ್ಷರ ಬಿಟ್ಟುಹೋಗಿದೆ ಸಾರ್, ವಿಶ್ವನಾಥನ್ ಅಂತ ಹಾಕೋಣ ಅಂದೆ. ಆ ಸಾರ್‌ಗೆ ಏನು ಕೋಪ ಬಂತು ಗೊತ್ತಾ? ನಮ್ಮ ಭಾಷೆಯ ಹೆಸರಿಗೆ ನಿಮ್ಮ ಬಾಲ ಅಂಟಿಸಬೇಡಿ ಅಂದರು! ನಾನು ಏನು ಮಾಡಲಿ?"

ಪ್ರೇರಣಾ ಕಿಸಕ್ಕೆಂದಳು. ಅಂಬುಜಾ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡರು.

ಹಾಗೆ ಹೇಳುವ ಮನುಷ್ಯ ಈ ಊರಿನಲ್ಲಿ ಒಬ್ಬನೇ. ಕನ್ನಡ ಕೂಟದ ಕಾರ್ಯದರ್ಶಿ ಸುಶಮೀಂದ್ರ! ಬ್ಯಾಂಕಿನಿಂದ ನಿವೃತ್ತರಾದವರು, ಕೂಟದ ಸಭೆಯಲ್ಲಿ ಯಾರ ಬಾಯಿಂದಾದರೂ ತಮಿಳು ಪದ ಬಿದ್ದರೆ ಎದ್ದು ನಿಲ್ಲಿಸಿ 'ಅ'ದಿಂದ 'ಳ'ದವರೆಗೆ ವರ್ಣಮಾಲೆ ಹೇಳಿಸುವವರು. ಪ್ರೇರಣಾಳಿಗಂತೂ ಆ ಶಿಕ್ಷೆ ಬಾಯಿಪಾಠವಾಗಿತ್ತು.

"ಆ ಸಾರ್ ಮಾದರಿಗೆ ಏನು ತಂದಿದ್ದರು? ಫೋಟೋನಾ?" ಎಂದರು ಅಂಬುಜಾ.

"ಇಲ್ಲ ಮೇಡಂ, ಪದಕಾನೇ ತಂದಿದ್ದರು. ಹಳೇದು, ಸ್ವಲ್ಪ ನಗ್ಗಿತ್ತು. ಅಚ್ಚು ತೆಗೆದ ಕೂಡಲೇ ವಾಪಸ್ ಕಿತ್ಕೊಂಡರು."

"ಅದರ ಅಂಚಲ್ಲಿ ಏನು ಬರೆದಿತ್ತು?"

"ಅದೇ ತಮಾಷೆ! ಬೆರಳಿಗೆ ಗಾಯವಾದರೆ ಹಾಕ್ತೀವಲ್ಲ, ಆ ಪ್ಲಾಸ್ಟರನ್ನ ಅಂಚಿನ ಸುತ್ತ ಅಂಟಿಸಿಕೊಂಡು ಬಂದಿದ್ದರು. ಕೆಲಸ ಮುಗಿಯೋವರೆಗೂ ನನ್ನ ಪಕ್ಕದಲ್ಲೇ ಕೂತಿದ್ದರು. ಬಿಚ್ಚೋಕೆ ಬಿಡಲಿಲ್ಲ." ಸುರೇಶ ಕೈ ತೊಳೆದು ಬಂದ. "ನಿಮ್ಮ ನಂಬರ್ ಕೊಟ್ಟು ಹೋಗಿ. ಸಂಜೆಯೊಳಗೆ ಸರಿಮಾಡಿ ಫೋನ್ ಹಾಕ್ತೀನಿ."

ಅಂಬುಜಾ ಪದಕವನ್ನು ಅಲ್ಲೇ ಬಿಟ್ಟು ನಂಬರ್ ಕೊಟ್ಟರು. ಅವರ ನಗು ಮಾತ್ರ ಮಾಯವಾಗಿತ್ತು. ಪದಕ ಕದ್ದವನು ಅದರ ಮುಖವನ್ನು ಅಂಗಡಿಯವನಿಗೆ ತೋರಿಸಿ ಅಂಚನ್ನು ಯಾಕೆ ಮುಚ್ಚಿದ?

* * *

ಗಿಂಡಿಯ ಸಭಾಂಗಣದಲ್ಲಿ ಸುಶಮೀಂದ್ರ ಏಣಿಯ ಮೇಲಿದ್ದರು. ನಾಳಿನ ಸಮಾರಂಭದ ಬ್ಯಾನರ್ ಕಟ್ಟುತ್ತಾ, ಅದರಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳೆಲ್ಲ ಸರಿಯಾಗಿವೆಯೇ ಎಂದು ಬೆರಳಿಟ್ಟು ಪರೀಕ್ಷಿಸುತ್ತಿದ್ದರು.

"ಸುಶಮೀಂದ್ರ ಅವರೇ, ನಿಮ್ಮ ಬೆರಳಿಗೆ ಗಾಯ ಆಗಿತ್ತಾ?"

"ಇಲ್ಲವಲ್ಲ, ಏಕೆ?"

"ಮತ್ತೆ ಪ್ಲಾಸ್ಟರ್ ಯಾಕೆ ಬೇಕಾಯಿತು?"

ಏಣಿ ಸಣ್ಣಗೆ ಅಲುಗಿತು.

"ಯಾವ ಪ್ಲಾಸ್ಟರು? ನನಗೆ ತಿಳಿಯದು. ನಾನೀಗ ಬಹಳ ಕಾರ್ಯನಿರತನಾಗಿದ್ದೇನೆ."

"ರಾಯಪುರಂ ಸುರೇಶ ನಿಮ್ಮನ್ನ ಬಹಳ ನೆನೆಸ್ಕೊಂಡ."

"ಯಾವ ಸುರೇಶ? ಆ ಕಡೆಗೆ ನಾನು ಹೋಗಿಯೇ ಇಲ್ಲ."

"ಹೋಗಿಲ್ಲ ಅಂದ್ರೆ ಸರಿ. ಅವನು ಪದಕದ ಮೇಲೆ ವಿಶ್ವನಾಥನ್ ಅಂತ ತಿದ್ದಿ ಕೊಡ್ತಾನಂತೆ. ನಾಳೆ ವೇದಿಕೆ ಮೇಲೆ ಅದನ್ನೇ ಹಾಕೋಣ."

"ವಿಶ್ವನಾಥನ್ ಏಕೆ?" ಸುಶಮೀಂದ್ರ ಏಣಿಯ ಮೇಲಿಂದಲೇ ಗುಡುಗಿದರು. "ಅಷ್ಟು ಸ್ಪಷ್ಟವಾಗಿ ಹೇಳಿದ್ದೆ ಆ ಮನುಷ್ಯನಿಗೆ, ವಿಶ್ವನಾಥ ಎಂದೇ..."

ಅವರು ತಟ್ಟನೆ ಬ್ಯಾನರಿನ ಕಡೆ ತಿರುಗಿದರು. ಆದರೆ ಬಾಯಿಂದ ಬಿದ್ದ ಮಾತು ಸಾಕಾಗಿತ್ತು.

"ಪಾವಂ ಅಂಕಲ್" ಎಂದಳು ಪ್ರೇರಣಾ.

"ಪಾಪ ಅನ್ನಬೇಕು" ಎಂದು ಅಭ್ಯಾಸಬಲದಿಂದ ತಿದ್ದಿ, ಸುಶಮೀಂದ್ರ ಮೆಲ್ಲಗೆ ಕೆಳಗಿಳಿದರು. ಕುರ್ಚಿಯೊಂದರ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡರು.

"ನಾನು ಕಳ್ಳನಲ್ಲ ಅಂಬುಜಾ ಅವರೇ."

"ಗೊತ್ತು. ಕಳ್ಳರು ಇಷ್ಟು ಶುದ್ಧವಾಗಿ ಬರೆಸೋಲ್ಲ. ಯಾಕೆ ತಗೊಂಡ್ರಿ?"

"ಊಟಕ್ಕೆ ಮೊದಲು ಪದಕಗಳನ್ನು ಒರೆಸಿಡುತ್ತಿದ್ದೆ. ಮುಖ್ಯ ಅತಿಥಿ ನಿವೃತ್ತ ಕರ್ನಲ್ ಸಾಹೇಬರು. ಊಟವಾದ ಮೇಲೆ ಒಂದೊಂದೇ ಪದಕವನ್ನು ಕೈಗೆ ತೆಗೆದುಕೊಂಡು, ಅಂಚಿನಲ್ಲಿರುವ ಹೆಸರನ್ನು ಮೈಕಿನಲ್ಲಿ ಓದಿ, ಆ ಕುಟುಂಬಕ್ಕೆ ಚಪ್ಪಾಳೆ ಹೊಡೆಸುವುದಾಗಿ ಹೇಳಿದ್ದರು. ಆಗ ನಾನು ಲೀಲಮ್ಮನವರ ಪದಕದ ಅಂಚನ್ನು ನೋಡಿದೆ." ಅವರ ಧ್ವನಿ ತಗ್ಗಿತು. "ಆ ತಾಯಿಗೆ ನಾಲ್ಕು ಜನರೆದುರು ಅವಮಾನವಾಗುತ್ತದಲ್ಲ ಎಂದು ಹೆದರಿದೆ. ಜೇಬಿಗೆ ಹಾಕಿಕೊಂಡುಬಿಟ್ಟೆ."

ಅವರು ಅಂಗಿಯ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದರು. ಗಂಟು ಬಿಚ್ಚಿತು. ನಗ್ಗಿದ ಪದಕ, ಅಂಚಿನ ಸುತ್ತ ಕೊಳೆಯಾದ ಪ್ಲಾಸ್ಟರು.

ಅಂಬುಜಾ ಉಗುರಿನಿಂದ ಅದನ್ನು ಎಬ್ಬಿಸಿದರು. ಭೂತಗನ್ನಡಿಯ ಕೆಳಗೆ ಸಣ್ಣ ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಮೊದಲು ನಂಬರು. ಆಮೇಲೆ ಹುದ್ದೆ. ಆಮೇಲೆ ಹೆಸರು.

ಮಹದೇವ.

ಪ್ರೇರಣಾ ಹೆಗಲ ಮೇಲಿಂದ ಬಾಗಿ ಓದಿದಳು. ಅವಳ ಮುಖ ಬಿಳಿಚಿಕೊಂಡಿತು. "ಇದು ತಾತಂದಲ್ವಾ?"

ಸುಶಮೀಂದ್ರ ಅಲ್ಲವೆಂದು ತಲೆಯಾಡಿಸಿದರು.

"ಅಪ್ಪೋ... ಅಂದ್ರೆ ತಾತ ಯುದ್ಧಕ್ಕೇ ಹೋಗಿಲ್ವಾ ಆಂಟಿ? ಯಾರದೋ ಮೆಡಲ್ ತಂದಿಟ್ಕೊಂಡಿದ್ರಾ?"

ಕಂಡೇ ಇರದ ತಾತನ ಬಗ್ಗೆ ವರ್ಷವರ್ಷವೂ ಪ್ರಬಂಧ ಬರೆದ ಹುಡುಗಿ. ಅಂಬುಜಾ ಅವಳ ಕೈ ಹಿಡಿದುಕೊಂಡರು. ತನಿಖೆಯ ಕೆಲಸದಲ್ಲಿ ಸತ್ಯ ಹೊರಗೆ ಬರಲೆಂದು ಹಟ ಹಿಡಿದವರು, ಅವತ್ತು ಮೊದಲ ಸಲ ಸತ್ಯ ಬೇರೆ ಏನಾದರೂ ಆಗಿರಲಿ ಎಂದು ಬೇಡಿಕೊಂಡರು.

"ಅದಕ್ಕೇ ನಕಲು ಮಾಡಿಸಿದೆ" ಎಂದರು ಸುಶಮೀಂದ್ರ. "ನಾಳೆ ಅವರು ಅದನ್ನೇ ಧರಿಸಲಿ. ಇದನ್ನು ಸಮುದ್ರಕ್ಕೆ ಎಸೆದುಬಿಡೋಣ. ಯಾರಿಗೂ ತಿಳಿಯುವುದಿಲ್ಲ."

ಅಂಬುಜಾರಿಗೆ ಬೆಳಗಿನ ಮಾತು ನೆನಪಾಯಿತು. ಯಾರ ಹೆಸರಿದೆ ಅಂದೆ? ಸರಿಯಾಗಿ ನೋಡಿದ್ಯಾ? ಅವಮಾನಕ್ಕೆ ಹೆದರಿದ ಹೆಂಗಸಿನ ಧ್ವನಿಯಾಗಿರಲಿಲ್ಲ ಅದು.

"ಎದ್ದೇಳಿ" ಅಂದರು. "ಎಸೆಯೋದು ಬೇಡ. ಕೇಳೋಣ."

* * *

ಪೋರೂರಿನ ಮನೆಯಲ್ಲಿ ಮಧುಸೂದನ್ ಇರಲಿಲ್ಲ, ಡ್ಯೂಟಿಗೆ ಹೋಗಿದ್ದ. ಸೊಸೆ ಕಾಫಿ ಬೆರೆಸುತ್ತಿದ್ದಳು. ಲೀಲಮ್ಮ ಹಾಲ್‌ನಲ್ಲಿ ಕಾಲು ಚಾಚಿ ಕೂತು, ನಾಳೆ ಉಡುವ ಮೈಸೂರು ಸಿಲ್ಕಿನ ಸೀರೆಯನ್ನು ಮಡಿಚುತ್ತಿದ್ದರು.

ಅಂಬುಜಾ ಏನೂ ಹೇಳದೆ ಹಳೆಯ ಪದಕವನ್ನು ಅವರ ಅಂಗೈಯಲ್ಲಿಟ್ಟರು. ಹೆಬ್ಬೆರಳು ಅಂಚಿನ ಮೇಲೆ ಹರಿಯಿತು. ನಗ್ಗು ಸಿಕ್ಕಿತು. ಲೀಲಮ್ಮನ ಮುಖ ದೀಪ ಹಚ್ಚಿದ ಹಾಗಾಯಿತು.

"ಬಂದ್ಯಾ ಮಾರಾಯಾ!" ಎಂದು ಪದಕದ ಜೊತೆಗೇ ಮಾತಾಡಿದರು.

"ಲೀಲಮ್ಮಾ, ಇದರ ಮೇಲಿರೋ ಹೆಸರು..."

"ಮಹದೇವ. ಗೊತ್ತಲ್ಲ ನಂಗೆ."

ಪ್ರೇರಣಾ ಅಜ್ಜಿಯ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟಳು.

"ಯಾರು ಪಾಟಿ ಅದು?"

"ನಿಮ್ಮ ತಾತನ ಜೊತೆಗಾರ. ಯುದ್ಧದಲ್ಲಿ ಇಬ್ಬರಿಗೂ ಒಂದೇ ಲಾರಿ. ಒಬ್ಬ ಓಡಿಸಿದ್ರೆ ಇನ್ನೊಬ್ಬ ಪಕ್ಕದಲ್ಲಿ ನಿದ್ದೆ. ಹೋಗುವಾಗ ಮದ್ದುಗುಂಡು, ಬರುವಾಗ ಗಾಯವಾದೋರು. ದಾರಿ ತುಂಬ ಕೆಸರು, ದೀಪ ಹಾಕೋ ಹಾಗಿಲ್ಲ. ಒಂದ್ಸಲ ಸೇತುವೆ ಮೇಲೆ ನಿಮ್ಮ ತಾತ ಕೂತಲ್ಲೇ ತೂಕಡಿಸಿದ್ರಂತೆ. ಮಹದೇವ ಕೈ ಚಾಚಿ ಸ್ಟೇರಿಂಗ್ ತಿರುಗಿಸಿದ. ಹಿಂದೆ ಹನ್ನೆರಡು ಜನ ಗಾಯಾಳುಗಳಿದ್ರು, ಒಬ್ಬರಿಗೂ ಗೊತ್ತಾಗಲಿಲ್ಲ."

ಸೊಸೆ ಕಾಫಿಯ ತಟ್ಟೆ ಹಿಡಿದೇ ನಿಂತಿದ್ದಳು.

"ಪದಕ ಬಂದಾಗ ಇವರಂದ್ರಂತೆ, ನನ್ನ ಪದಕದಲ್ಲಿ ಅರ್ಧ ನಿಂದು ಅಂತ. ಅವನಂದ, ಅರ್ಧ ಯಾಕೆ, ಪೂರ್ತಿ ಕೊಡು, ನಂದು ನೀನು ತಗೋ. ಸೈನ್ಯ ಬಿಟ್ಟು ಬರುವಾಗ ಅರಕ್ಕೋಣಂ ಜಂಕ್ಷನ್‌ನಲ್ಲಿ ಬದಲಾಯಿಸ್ಕೊಂಡ್ರು. ಮತ್ತೆ ಸಿಕ್ಕಿದಾಗ ವಾಪಸ್ ಅಂತ ಮಾತು. ಇವರು ಈ ಕಡೆ ಮದ್ರಾಸ್ ರೈಲು ಹತ್ತಿದ್ರು, ಅವನು ಬೆಂಗಳೂರು ರೈಲು."

"ಮತ್ತೆ ಸಿಗಲಿಲ್ವಾ?"

"ನರಸೀಪುರದ ಕಡೆಯೋನು ಅಂತ ಹುಡುಕ್ಕೊಂಡು ಹೋದ್ವಿ. ನಮ್ಮ ಮಹದೇವ ಸೈನ್ಯದಿಂದ ಊರಿಗೇ ಬರಲಿಲ್ಲ ಅಂದ್ರು ಅವರ ಮನೆಯೋರು." ಲೀಲಮ್ಮ ಪದಕವನ್ನು ಸೆರಗಿನಿಂದ ಒರೆಸಿದರು. "ವಿಜಯ ದಿವಸದ ದಿನ ನಿಮ್ಮ ತಾತ ಎರಡು ಲೋಟ ಟೀ ಹಾಕಿಸೋರು. ಒಂದು ಅವರು ಕುಡಿಯೋರು, ಇನ್ನೊಂದನ್ನ, ಮಹದೇವನ ಪಾಲು ನೀನು ಕುಡಿ ಲೀಲಾ ಅಂತ ನಂಗೆ ಕೊಡೋರು. ನನ್ನ ತೊಡೆ ಮೇಲೇ ಪ್ರಾಣ ಬಿಟ್ರು ಅವರು. ಈಗ ಎರಡು ಲೋಟಾನೂ ನಾನೇ ಕುಡೀತೀನಿ. ಅವತ್ತು ನಿದ್ದೆ ಬರಲ್ಲ, ಅಷ್ಟೇ."

ಪ್ರೇರಣಾ ಅಳುತ್ತಾ ನಕ್ಕಳು. ಅಜ್ಜಿಯ ಮೊಣಕಾಲಿಗೆ ಕೆನ್ನೆ ಒತ್ತಿ, "ನಾನೂ ಒಂದ್ ಲೋಟ ಕುಡೀತೀನಿ ಪಾಟಿ" ಎಂದಳು. ಸುಶಮೀಂದ್ರ ಅವಳ 'ಪಾಟಿ'ಯನ್ನು ತಿದ್ದಲಿಲ್ಲ. ಅವರೂ ಕನ್ನಡಕ ತೆಗೆದು ಒರೆಸುತ್ತಿದ್ದರು.

ಅಂಬುಜಾರ ಎದೆಯ ಮೇಲಿನ ಕಲ್ಲು ಇಳಿದಿತ್ತು. ಆದರೂ ಒಂದು ಎಳೆ ಬಾಕಿಯಿತ್ತು. "ಟ್ರಂಕಿನಿಂದ ಹೊರಗೇ ತೆಗೆಯದ ಪದಕವನ್ನ ಈ ಸಲ ಪ್ರದರ್ಶನಕ್ಕೆ ಯಾಕೆ ಕೊಟ್ರಿ?"

"ಕರ್ನಲ್ ಸಾಹೇಬರು ಹೆಸರು ಓದ್ತಾರೆ ಅಂತ ಗೊತ್ತಾಯ್ತಲ್ಲ! ಮೈಕಲ್ಲಿ ಮಹದೇವ ಅಂತ ಕೂಗಿದ್ರೆ, ಅಷ್ಟು ಜನ ಕನ್ನಡದೋರು ಸೇರಿರ್ತಾರೆ, ಯಾರಾದ್ರೂ ಒಬ್ಬರು ನಮ್ಮೋನು ಅಂತ ಎದ್ದು ನಿಲ್ತಾರೇನೋ ಅಂತ ಆಸೆ. ಅದಕ್ಕೇ ಮೈಕಿನ ಪಕ್ಕದ ಮೇಜೇ ಬೇಕು ಅಂತ ಹಟ ಮಾಡಿ ಇಡಿಸಿದ್ದೆ. ನೋಡಿದ್ರೆ ಯಾವನೋ ಮುಟ್ಠಾಳ ಕದ್ದುಬಿಟ್ಟ!"

ಕೋಣೆಯಲ್ಲಿ ಎಲ್ಲರೂ ಸುಶಮೀಂದ್ರರನ್ನು ನೋಡಿದರು.

"ಆ ಮುಟ್ಠಾಳ ನಾನೇ ತಾಯಿ" ಎಂದು ಅವರು ಎದ್ದು ನಿಂತು ಕೈ ಮುಗಿದರು. "ನಿಮಗೆ ಅವಮಾನವಾದೀತೆಂದು..."

ಲೀಲಮ್ಮ ಒಂದು ಗಳಿಗೆ ಕಣ್ಣರಳಿಸಿ ನೋಡಿದರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಸೀರೆಯ ಮಡಿಕೆ ಬಿಚ್ಚಿಹೋಗುವ ಹಾಗೆ ನಕ್ಕರು.

"ಶಿಕ್ಷೆ ಕೊಡ್ತೀನಿ, ತಗೋತೀರಾ?"

"ಏನಾದರೂ ಸರಿ."

"ನಾಳೆ ವೇದಿಕೆ ಮೇಲೆ ಐದು ನಿಮಿಷ ತಮಿಳಲ್ಲಿ ಮಾತಾಡ್ಬೇಕು."

ಸುಶಮೀಂದ್ರರ ಮುಖ ನೋಡಿ ಪ್ರೇರಣಾ ನೆಲದ ಮೇಲೆ ಉರುಳಾಡಿ ನಕ್ಕಳು. ಕೊನೆಗೂ ಕಾಫಿ ಬಂತು. ನಾಳೆ ಮೈಕಿನಲ್ಲಿ ಎರಡು ಹೆಸರನ್ನೂ ಓದಿಸುವುದೆಂದು ತೀರ್ಮಾನವಾಯಿತು: ವಿಶ್ವನಾಥ, ಮಹದೇವ.

ಅಂಬುಜಾ ಲೋಟವನ್ನು ತುಟಿಗಿಡುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ರಾಯಪುರಂ ಸುರೇಶ.

"ಮೇಡಂ, ತಿದ್ದೋದು ಇರಲಿ, ಇಲ್ಲೊಂದು ವಿಚಿತ್ರ!" ಅವನು ಏದುಸಿರು ಬಿಡುತ್ತಿದ್ದ. "ಈಗ ತಾನೇ ಒಬ್ಬ ಪೆರಿಯವರು, ವಯಸ್ಸಾದವರು, ಬಂದಿದ್ದಾರೆ. ಅವರ ಕೈಯಲ್ಲೂ ಇದೇ ಥರದ ಹಳೇ ಪದಕ. ಇಂಥದೇ ಇನ್ನೊಂದು ಮಾಡಿಕೊಡು, ಅಂಚಿನಲ್ಲಿ ಮಾತ್ರ ಮಹದೇವ ಅಂತ ಹಾಕು ಅಂತಿದ್ದಾರೆ."

ಅಂಬುಜಾ ಫೋನಿನ ಸ್ಪೀಕರ್ ಒತ್ತಿದರು. ಎಲ್ಲರೂ ಹತ್ತಿರ ಸರಿದರು.

"ಅವರು ತಂದಿರೋದರ ಅಂಚಲ್ಲಿ ಏನಿದೆ ಸುರೇಶಾ?"

"ವಿಶ್ವನಾಥನ್ ಅಂತಿದೆ ಮೇಡಂ! ನಂಬರ್ ಸಮೇತ!"

ಲೀಲಮ್ಮನ ಕೈ ಎದೆಗೆ ಹೋಯಿತು. "ಮಹದೇವ" ಎಂದು ಉಸಿರಿದರು. "ಅವನೇ ಕಣೇ ಅಂಬುಜಾ! ಬದುಕಿದಾನೆ!"

"ಅವರ ಹೆಸರು ಕೇಳಪ್ಪಾ" ಎಂದರು ಅಂಬುಜಾ.

"ಕೇಳಿದೆ ಮೇಡಂ. ಬಿಲ್ಲಿಗೆ ಬೇಕಲ್ಲ." ಸುರೇಶ ತಡವರಿಸಿದ. "ವಿಶ್ವನಾಥನ್ ಅಂತಲೇ ಹೇಳ್ತಿದ್ದಾರೆ."

ಯಾರೋ ಪಕ್ಕದಿಂದ ಫೋನ್ ತೆಗೆದುಕೊಂಡ ಸದ್ದು. ಆಮೇಲೆ ಮುದಿ ಧ್ವನಿ, ಅಚ್ಚ ಕನ್ನಡ. "ಯಾರಪ್ಪಾ ಅದು ನನ್ನ ಹೆಸರು ಕೇಳ್ತಿರೋದು?"

ಅಂಬುಜಾ ಉತ್ತರಿಸುವ ಮೊದಲೇ ಲೀಲಮ್ಮ ಫೋನ್ ಕಿತ್ತುಕೊಂಡಿದ್ದರು.

"ನಾನು ವಿಶ್ವನಾಥನ ಹೆಂಡ್ತಿ ಮಾತಾಡ್ತಿರೋದು. ನೀವ್ಯಾರು?"

ಆ ಕಡೆ ಲಾರಿಯೊಂದು ಹಾರ್ನ್ ಹೊಡೆಯಿತು. ಆಮೇಲೆ ಆ ಧ್ವನಿ ಅಷ್ಟೇ ಸಹಜವಾಗಿ ಹೇಳಿತು:

"ಅದೆಂಗೆ ತಾಯೀ? ವಿಶ್ವನಾಥನ ಹೆಂಡ್ತಿ ಇಲ್ಲೇ ನನ್ನ ಪಕ್ಕದಲ್ಲಿ ಕುಂತವ್ಳಲ್ಲ!"

ಪ್ರೇರಣಾಳ ಕೈಯಲ್ಲಿದ್ದ ಲೋಟದಿಂದ ಕಾಫಿ ಚೆಲ್ಲಿತು. ಅಂಬುಜಾ ಗೋಡೆಯ ಮೇಲಿನ ಮೀಸೆಯ ಯೋಧನನ್ನು ನೋಡಿದರು, ಲೀಲಮ್ಮನನ್ನು ನೋಡಿದರು. ಊರಿಗೇ ಹೋಗದ ಮಹದೇವ ಪದಕದ ಜೊತೆಗೆ ಹೆಸರನ್ನೂ ಇಟ್ಟುಕೊಂಡುಬಿಟ್ಟನೇ?

ಲೀಲಮ್ಮ ಮಾತ್ರ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಯೊಳಗೆ ಕಾಲು ತೂರಿಸುತ್ತಿದ್ದರು.

"ಕುಂತಿರ್ಲಿ" ಎಂದರು ಫೋನಿಗೆ. "ಏಳಬೇಡ ಅಂತ ಹೇಳಿ ಅವಳಿಗೆ. ನಾನೂ ಬಂದೆ."